ಕಾಟಾ ಮತ್ತು ಟೇಪು

ಲಗ್ನಸರಾಯಿ ಹತ್ತಿರ ಬಂತೆಂದರೆ ಗಡಹಿಂಗ್ಲಜದ ಟೇಲರ್ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಗಳ ಮದುವೆ ಗೊತ್ತಾದವರು, ಬೀಗರಾಗಿ ಹೋಗುವವರು, ಬರೀ ಅಕ್ಷತೆಗೆ ಹೋಗಿ ಬರುವವರು, ಎಲ್ಲರಿಗೂ ಅದೇ ವಾರದಲ್ಲಿ ಬಟ್ಟೆ ಬೇಕು. ಟೇಲರ್ ಕೊರಳಿನ ಟೇಪು ತೆಗೆದು ಅಳೆಯುತ್ತ ಅಂಕಿ ಕೂಗುತ್ತಾರೆ, ಪಕ್ಕದ ಹುಡುಗ ವಹಿಯಲ್ಲಿ ಬರೆದುಕೊಳ್ಳುತ್ತಾನೆ. ಎಷ್ಟೋ ಮನೆತನಗಳ ಎದೆ, ಸೊಂಟ, ತೋಳಿನ ಲೆಕ್ಕ ವರ್ಷಗಟ್ಟಲೆ ಆ ವಹಿಯಲ್ಲಿ ಉಳಿದಿರುತ್ತದೆ. ನಮ್ಮ ನಿಮ್ಮ ದೇಹದ ಚರಿತ್ರೆಯನ್ನು ಇಷ್ಟು ಶ್ರದ್ಧೆಯಿಂದ ಬರೆದಿಟ್ಟವರು ಬೇರೆ ಯಾರೂ ಇರಲಾರರು.

ನಮ್ಮ ಓಣಿಯ ತಾಯಿಯೊಬ್ಬರು ದಸರೆ ಮುಗಿದಾಗಿನಿಂದ ದಿನಾ ಬೆಳಿಗ್ಗೆ ಹಿರಣ್ಯಕೇಶಿ ನದಿಯ ಕಡೆಗೆ ನಡೆದು ಬರುತ್ತಿದ್ದರು. ಮನೆಯಲ್ಲಿ ಮಗಳು ಕಲಿಸಿದ ಬೈಠಕ್‌ಗಳನ್ನೂ ತಪ್ಪಿಸುತ್ತಿರಲಿಲ್ಲ. ಆದರೆ ಮೆಡಿಕಲ್ ಅಂಗಡಿಯ ಮುಂದಿನ ಕಾಟಾದ ಮೇಲೆ ನಿಂತಾಗಲೆಲ್ಲ ಅದೇ ಅಂಕಿ. "ಇಷ್ಟ ನಡದ್ರೂ ಕಾಟಾದಾಗ ಏನೂ ಇಳದಿಲ್ರೀ, ಇನ್ನ ಸಾಕ ಮಾಡ್ತೀನಿ" ಎಂದು ಬೇಸರಪಟ್ಟುಕೊಂಡಿದ್ದರು. ಡ್ರೆಸ್ ಹೊಲಿಸಲು ಹೋದಾಗ ಟೇಲರ್ ಹಳೆಯ ಪುಟ ತೆಗೆದು, ಹೊಸ ಅಳತೆಯನ್ನು ಪಕ್ಕಕ್ಕಿಟ್ಟು ನೋಡಿ, "ಸೊಂಟ ದೀಡ ಇಂಚ ಇಳದೈತಲ್ರೀ ಅಕ್ಕಾರ, ಹಳೀ ಅಳತೀಲೆ ಹೊಲದ್ರ ಜೋತ ಬೀಳ್ತೈತಿ" ಎಂದರಂತೆ. ಮರುದಿನ ಬೆಳಿಗ್ಗೆ ಅವರು ಮತ್ತೆ ನಡೆಯಲು ಹೊರಟಿದ್ದರು.

ಕಾಟಾ ಹೇಳಿದ್ದೂ ನಿಜ, ಟೇಪು ಹೇಳಿದ್ದೂ ನಿಜ. ಕಾಟಾ ಇಡೀ ದೇಹವನ್ನು ಒಟ್ಟಿಗೆ ತೂಗುತ್ತದೆ. ಎಲುಬು, ನೀರು, ರಾತ್ರಿ ಉಂಡ ರೊಟ್ಟಿ, ಕೊಬ್ಬು, ಸ್ನಾಯು ಎಂಬ ಭೇದ ಅದಕ್ಕಿಲ್ಲ. ಒಂದು ಕಿಲೋ ಕೊಬ್ಬು ಸುಮಾರು 1.1 ಲೀಟರ್ ಜಾಗ ಹಿಡಿಯುತ್ತದೆ, ಒಂದು ಕಿಲೋ ಸ್ನಾಯುವಿಗೆ ಒಂದು ಲೀಟರಿಗಿಂತ ತುಸು ಕಡಿಮೆಯೇ ಸಾಕು. ಹೊಸದಾಗಿ ವ್ಯಾಯಾಮಕ್ಕಿಳಿದವರಲ್ಲಿ ಕೊಬ್ಬು ಕರಗುತ್ತಿರುವಾಗಲೇ ತೊಡೆ ಬೆನ್ನುಗಳ ಸ್ನಾಯು ಬಲಿಯುತ್ತದೆ. ಸ್ನಾಯು ತನ್ನ ಕೆಲಸಕ್ಕೆಂದು ಗ್ಲೈಕೋಜನ್ ಎಂಬ ಪಿಷ್ಟವನ್ನು ಕೂಡಿಟ್ಟುಕೊಳ್ಳುತ್ತದೆ. ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಸೇರುತ್ತದೆ. ಹಿಂದಿನ ರಾತ್ರಿ ಊಟದಲ್ಲಿ ಉಪ್ಪು ಹೆಚ್ಚಾಗಿದ್ದರೆ, ಹೆಣ್ಣುಮಕ್ಕಳಿಗೆ ತಿಂಗಳ ದಿನಗಳು ಹತ್ತಿರ ಬಂದಿದ್ದರೆ, ತೂಕ ಒಂದೆರಡು ಕಿಲೋ ಹಾಗೆಯೇ ಏರಿಳಿಯುತ್ತದೆ. ಈ ಗದ್ದಲದ ನಡುವೆ ಕೊಬ್ಬು ಕರಗಿದ ಸುದ್ದಿ ಕಾಟಾದ ಮೇಲೆ ವಾರಗಟ್ಟಲೆ ಕಾಣದೆ ಹೋಗಬಹುದು.

ಬರೀ ತೂಕ ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನು ಇಚಲಕರಂಜಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ಪವರ್‌ಲೂಮ್ ಹಾಕಿದರು. ಇಂದು ಊರಿಗೆ ಊರೇ ಮಗ್ಗದ ಸದ್ದಿನಲ್ಲಿ ಬದುಕುತ್ತಿದೆ. ಅಲ್ಲಿ ನೂಲು ಬರುವುದು ಕಿಲೋ ಲೆಕ್ಕದಲ್ಲಿ, ಬಟ್ಟೆ ಹೊರಡುವುದು ಮೀಟರ್ ಲೆಕ್ಕದಲ್ಲಿ. ಒಂದು ಪೌಂಡು ನೂಲು 840 ಗಜ ಉದ್ದ ಬಂದರೆ ಅದು ಒಂದು ಕೌಂಟ್. 40 ಕೌಂಟಿನ ಒಂದು ಪೌಂಡು ನೂಲು 33,600 ಗಜ ಬರುತ್ತದೆ, 80 ಕೌಂಟಿನದು ಅದರ ಎರಡು ಪಟ್ಟು. ತೂಕ ಅಷ್ಟೇ, ಎಳೆ ಮಾತ್ರ ನಯ. ಬರೀ ಕಿಲೋ ಕೇಳಿ ಬಟ್ಟೆ ಹೇಗಿದ್ದೀತೆಂದು ಹೇಳುವ ನೇಕಾರ ಆ ಊರಿನಲ್ಲಿ ಸಿಗಲಾರ. ದೇಹದ ವಿಷಯದಲ್ಲಿ ಮಾತ್ರ ನಾವೆಲ್ಲ ಕಿಲೋ ಒಂದನ್ನೇ ಕೇಳಿ ತೀರ್ಪು ಕೊಟ್ಟುಬಿಡುತ್ತೇವೆ.

ತೂಕಕ್ಕೆ ನಿಜವಾಗಿ ಬೆಲೆ ಬರುವ ಕುಸ್ತಿಯೂ ನಮ್ಮ ಕಡೆಯೇ ಇದೆ. ಶಾಹೂ ಮಹಾರಾಜರು 1902ರಲ್ಲಿ ಯುರೋಪಿಗೆ ಹೋದಾಗ ರೋಮಿನ ಕೊಲೋಸಿಯಂ ಕಂಡು ಬಂದು, 1912ರಲ್ಲಿ ಕೊಲ್ಲಾಪುರದ ಖಾಸಬಾಗ ಕುಸ್ತಿ ಮೈದಾನವನ್ನು ಸಿದ್ಧಗೊಳಿಸಿದರು. ಗಂಗಾವೇಶ, ಮೋತಿಬಾಗ, ಶಾಹುಪುರಿ ತಾಲೀಮುಗಳ ಕೆಂಪು ಮಣ್ಣಿಗೆ ಸುತ್ತಲಿನ ಹಳ್ಳಿಗಳಿಂದ ಹುಡುಗರು ಬಂದರು, ಗಡಿಯ ಆಚೆಯಿಂದಲೂ ಬಂದರು. ಚಿಕ್ಕೋಡಿ ಸೀಮೆಯ ಯಕ್ಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ ಕೊಲ್ಲಾಪುರದಲ್ಲೇ ಸಾಧನೆ ಮಾಡಿ 1959ರಲ್ಲಿ ಹಿಂದ್ ಕೇಸರಿಯಾದರು. ಮಣ್ಣಿನ ಕುಸ್ತಿಯಲ್ಲಿ ಜೋಡಿ ಹಾಕುವ ಹಿರಿಯರು ಕತ್ತು, ಭುಜ, ತೊಡೆ ನೋಡಿ ಕಣ್ಣಳತೆಯಲ್ಲೇ ಗೊತ್ತುಮಾಡುತ್ತಿದ್ದರು. ಒಲಿಂಪಿಕ್ಸ್‌ನ ಮ್ಯಾಟಿಗೆ ಹೋದಾಗ ಕಾಟಾ ಮುಂದೆ ಬಂತು. ಕರಾಡ ಬಳಿಯ ಗೋಳೇಶ್ವರದ ಖಾಶಾಬಾ ಜಾಧವ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದವರು. 1948ರಲ್ಲಿ ಲಂಡನ್ನಿನಲ್ಲಿ 52 ಕಿಲೋ ವಿಭಾಗದಲ್ಲಿ ಸೆಣಸಿ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಗೆ ಹೋಗುವಾಗ 57 ಕಿಲೋ ವಿಭಾಗಕ್ಕೆ ಏರಿದ್ದರು, ಕಂಚಿನ ಪದಕ ತಂದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಕ್ರೀಡಾಪಟು ಗೆದ್ದುಕೊಟ್ಟ ಮೊದಲ ಒಲಿಂಪಿಕ್ ಪದಕ ಅದು. ಆ ನಾಲ್ಕು ವರ್ಷಗಳಲ್ಲಿ ಅವರ ಸಾಧನೆಯ ಜೊತೆ ತೂಕವೂ ಏರಿತ್ತು ಎಂಬುದನ್ನು, ಕಾಟಾದ ಮುಳ್ಳು ಮೇಲೆ ಹೋದೊಡನೆ ಎದೆಗುಂದುವ ನಾವು ನೆನಪಿಡಬೇಕು. 2024ರಲ್ಲಿ ಪ್ಯಾರಿಸ್‌ನಲ್ಲಿ 50 ಕಿಲೋ ವಿಭಾಗದ ಫೈನಲ್ ದಿನ ಬೆಳಿಗ್ಗೆ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚು ತೂಗಿದ್ದಕ್ಕೆ ಸ್ಪರ್ಧೆಯಿಂದಲೇ ಹೊರಗಾದರು. ಕುಸ್ತಿಯ ನಿಯಮ ಅಷ್ಟು ಕಠೋರ. ಮನೆ ಮಕ್ಕಳು ಮಗ್ಗ ಹೊಲ ನೋಡಿಕೊಂಡು, ನಾಲ್ಕು ದಿನ ಆರೋಗ್ಯವಾಗಿರಬೇಕೆಂದು ನಡೆಯುವವರ ಮೇಲೆ ಆ ನಿಯಮವನ್ನು ಯಾರೂ ಹೇರಿಲ್ಲ, ನಾವೇ ಹೇರಿಕೊಂಡಿದ್ದೇವೆ.

ಕಾಟಾ ಶ್ರಮಪಟ್ಟವರ ಉತ್ಸಾಹ ಕುಂದಿಸುವುದು ಒಂದು ಕಡೆಯಾದರೆ, ತೆಳ್ಳಗಿರುವವರಿಗೆ ಹುಸಿ ಧೈರ್ಯ ಕೊಡುವುದು ಇನ್ನೊಂದು. ನನಗೆ ಹೆಚ್ಚು ಕಳವಳವಾಗುವುದು ಈ ಎರಡನೆಯದರಿಂದ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಚಿಕ್ಕದೊಂದು ಬರಹ ಬಂದಿತ್ತು. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರನ್ನೇ ಉದಾಹರಣೆಯಾಗಿ ಮುಂದಿಟ್ಟಿದ್ದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ 22.3. ಆದರೆ ಯುಡ್ಕಿನ್ನರ ದೇಹದಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕರ ದೇಹದಲ್ಲಿ ಶೇಕಡಾ 21.2. ಒಬ್ಬರು ಮ್ಯಾರಥಾನ್ ಓಡುವವರು, ಇನ್ನೊಬ್ಬರಿಗೆ ವ್ಯಾಯಾಮ ಅಷ್ಟಕ್ಕಷ್ಟೇ. ಆದರೆ ಕಾರಣ ಅಷ್ಟೇ ಅಲ್ಲ. ಪುಣೆ ಸುತ್ತಲಿನ ಹಳ್ಳಿಗಳ ಹಸುಗೂಸುಗಳನ್ನು ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿದಾಗ, ನಮ್ಮ ಕೂಸುಗಳ ಸರಾಸರಿ ತೂಕ ಸುಮಾರು 2.7 ಕಿಲೋ, ಅಲ್ಲಿಯದು 3.5 ಕಿಲೋ ಎಂದು ಕಂಡುಬಂತು. ಸ್ನಾಯು ಕಡಿಮೆ, ಹೊಟ್ಟೆಯ ಅಂಗಗಳು ಚಿಕ್ಕವು, ಆದರೆ ಚರ್ಮದಡಿಯ ಕೊಬ್ಬು ಹೆಚ್ಚೇನೂ ತಗ್ಗಿರಲಿಲ್ಲ. ಹಸಿದ ಬಸುರಿಯ ಹೊಟ್ಟೆಯಲ್ಲಿ ಬೆಳೆದ ಜೀವ ಕೊಬ್ಬನ್ನು ಜೋಪಾನ ಮಾಡಿಕೊಂಡೇ ಹುಟ್ಟುತ್ತದೆ.

ಇಂಥ ದೇಹದವರು ನಮ್ಮಲ್ಲಿ ಬಹಳ. ರಾತ್ರಿ ಪಾಳಿಯಲ್ಲಿ ಚಹಾದ ಮೇಲೆ ಚಹಾ ಕುಡಿದು ಮಗ್ಗ ನೋಡಿಕೊಳ್ಳುವ ಕಾರ್ಮಿಕನ ಕೈಕಾಲು ಕಡ್ಡಿಯಂತಿರುತ್ತವೆ, ಹೊಟ್ಟೆ ಮಾತ್ರ ಮುಂದೆ ಬಂದಿರುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದ ನಮ್ಮ ಜನರೂ ಇವರಲ್ಲಿದ್ದಾರೆ. ಕಾಟಾ 60 ತೋರಿಸಿದರೆ "ನನಗ್ಯಾಕ ಬರ್ತೈತ್ರೀ ಸಕ್ರಿ ಬ್ಯಾನಿ" ಎನ್ನುತ್ತಾರೆ. ಆದರೆ ಕೇಡು ಮಾಡುವುದು ಪಿತ್ತಜನಕಾಂಗ, ಕರುಳುಗಳ ಸುತ್ತ ಕೂತ ಒಳಗಿನ ಕೊಬ್ಬು. ಅದು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ, ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಅದರ ಸುಳಿವು ಕೊಡುವ ಅಗ್ಗದ ಸಾಧನ ಟೇಪು.

ನಮ್ಮ ಉಡುಪುಗಳಂತೂ ಬಲು ಉದಾರಿಗಳು. ಧೋತರ, ಸೀರೆ, ಲುಂಗಿ, ಲಾಡಿ ಕಟ್ಟುವ ಪೈಜಾಮ ಇವು ಎಷ್ಟು ಬೆಳೆದರೂ ಹೊಂದಿಕೊಂಡು ಹೋಗುತ್ತವೆ. ಪ್ಯಾಂಟು ಕೂಡ ಸತ್ಯ ಹೇಳುವುದಿಲ್ಲ. ಹೊಟ್ಟೆ ಬೆಳೆದಂತೆ ಗಂಡಸರು ಬೆಲ್ಟನ್ನು ಕೆಳಗೆ ಸರಿಸುತ್ತ ಹೋಗುತ್ತಾರೆ, ಇಪ್ಪತ್ತು ವರ್ಷ ಅದೇ 34ರ ಪ್ಯಾಂಟು ನಡೆಯುತ್ತದೆ. ಆದ್ದರಿಂದ ಅಳೆಯುವಾಗ ಬೆಲ್ಟಿನ ಜಾಗ ಬಿಡಬೇಕು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ಮೇಲಂಚು ಇವೆರಡರ ನಟ್ಟನಡುವೆ, ಬಟ್ಟೆ ಸರಿಸಿ ಮೈಗೇ ತಾಗುವಂತೆ ಟೇಪು ಸುತ್ತಬೇಕು. ಬೆಳಿಗ್ಗೆ ತಿಂಡಿಗೆ ಮೊದಲು, ಕಾಲು ಜೋಡಿಸಿ ನಿಂತು, ಸಹಜವಾಗಿ ಉಸಿರು ಬಿಟ್ಟು ಅಳೆಯಬೇಕು. ಹೊಟ್ಟೆ ಒಳಗೆ ಎಳೆದುಕೊಂಡರೆ ಉಪಯೋಗವಿಲ್ಲ. ನಮ್ಮ ಜನರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಎಚ್ಚರಿಕೆಯ ಗೆರೆ. ಟೇಲರ್ ಲೆಕ್ಕದಲ್ಲಿ ಸುಮಾರು 35½ ಮತ್ತು 31½ ಇಂಚು. ಇನ್ನೂ ಸುಲಭದ ಲೆಕ್ಕ ಬೇಕೆಂದರೆ ಸೊಂಟದ ಸುತ್ತಳತೆ ಎತ್ತರದ ಅರ್ಧ ಮೀರದಿರಲಿ. ದಿನಾ ಅಳೆಯುವುದು ಬೇಡ, ತಿಂಗಳಿಗೊಮ್ಮೆ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟರೆ ಸಾಕು. ಕಾಟಾವನ್ನು ಅಟ್ಟಕ್ಕೆ ಹಾಕಿ ಎಂದೂ ನಾನು ಹೇಳುವುದಿಲ್ಲ. ಬಸುರಿಯರಿಗೆ, ಕೂಸುಗಳಿಗೆ, ಹೃದಯ ಮೂತ್ರಪಿಂಡಗಳ ತೊಂದರೆ ಇರುವವರಿಗೆ ಅದು ಬೇಕೇ ಬೇಕು. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಡಾಕ್ಟರ ಬಳಿ ಹೋಗಲೇಬೇಕು.

ಟೇಪು ಹಿಡಿಯಲು ಜೊತೆಗೊಬ್ಬರಿದ್ದರೆ ಅಳತೆ ಸರಿಯಾಗಿ ಬರುತ್ತದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಮದುವೆ ಮನೆಯಲ್ಲಿ, ಉಡಿ ತುಂಬುವಲ್ಲಿ, ಜಾತ್ರೆಯಲ್ಲಿ ನಾವು ಒಬ್ಬರನ್ನೊಬ್ಬರು ಕಣ್ಣಲ್ಲೇ ತೂಗುತ್ತಿರುತ್ತೇವೆ. ಬಾಣಂತನ ಮುಗಿಸಿ ಬಂದ ಸೊಸೆಗೆ "ಭಾಳ ದಪ್ಪ ಆಗಿಯಲ್ಲಾ" ಎನ್ನುತ್ತೇವೆ, ಓದುವ ಹುಡುಗನಿಗೆ "ಸೊರಗಿ ಹೋಗೀಯಲ್ಲೋ" ಎನ್ನುತ್ತೇವೆ. ಪ್ರೀತಿಯಿಂದಲೇ ಆಡಿದ ಮಾತಿರಬಹುದು. ಆದರೆ ಕೇಳಿದವರು ಆ ದಿನದ ಊಟವನ್ನು ಸಂಕೋಚದಿಂದಲೇ ಮಾಡುತ್ತಾರೆ, ಮರುದಿನ ನಡೆಯಲು ಹೊರಡುವ ಹುರುಪೂ ಅವರಲ್ಲಿ ಉಳಿಯುವುದಿಲ್ಲ. ಅದೇ ಸೊಸೆಯ ಕೂಸನ್ನು ಬೆಳಿಗ್ಗೆ ಅರ್ಧ ಗಂಟೆ ನಾವು ಎತ್ತಿಕೊಂಡರೆ ಅವಳು ನಡೆದು ಬರಬಹುದು. ತಿಂಗಳಿಗೊಮ್ಮೆ ಟೇಪು ಹಿಡಿದು, ಇಳಿದ ಅರ್ಧ ಇಂಚನ್ನು ಅವಳಿಗಿಂತ ಮೊದಲೇ ಗುರುತಿಸಿ ಹೇಳಬಹುದು. ಅಂತಃಕರಣ ಎನ್ನುವುದು ಮನೆಯೊಳಗೆ ಇಂಥ ಸಣ್ಣ ಸಹಾಯಗಳಲ್ಲೇ ಕೆಲಸ ಮಾಡುತ್ತದೆ.

ಟೇಪು ಹಿಡಿದು ಬಾಗಿಲಿಗೇ ಬರುವವರೂ ಇದ್ದಾರೆ. ಮೂವತ್ತು ದಾಟಿದ ಎಲ್ಲರ ಬಗ್ಗೆ ಆಶಾ ಕಾರ್ಯಕರ್ತೆಯರು ತುಂಬುವ ಸರ್ಕಾರಿ ನಮೂನೆಯಲ್ಲಿ ಸೊಂಟದ ಅಳತೆಗೆ ಒಂದು ಸಾಲೇ ಇದೆ. 90 ಮತ್ತು 80ರ ಗೆರೆ ಅಲ್ಲಿಯೂ ಉಂಟು. ಅವರು ಬಂದಾಗ ಹೆಂಗಸರು ಅಳತೆ ಕೊಡುತ್ತಾರೆ, ಗಂಡಸರು ಪಾಳಿಗೆ ಹೋಗಿರುತ್ತಾರೆ, ಇಲ್ಲವೇ "ನನಗೇನಾಗೇತಿ" ಎಂದು ಒಳಗೇ ಇದ್ದುಬಿಡುತ್ತಾರೆ. ಮಗ್ಗಕ್ಕೆ ರಜೆ ಇರುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯರಿಗೆ ಮುಂಚೆಯೇ ತಿಳಿಸಿ, ಅಂದು ಬರುವಂತೆ ಕೇಳಿಕೊಳ್ಳಿ. ಅಂದು ಮನೆಯ ಅತ್ಯಂತ ತೆಳ್ಳಗಿನ ಗಂಡಸೇ ಮೊದಲು ಹೊರಗೆ ಬಂದು ಅಂಗಿ ಎತ್ತಿ ನಿಲ್ಲಲಿ.