ಒಲೆಯ ಮೇಲಿನ ಧರ್ಮ

ನಮ್ಮ ಧರ್ಮ ಅಡುಗೆಮನೆ ಸೇರಿಕೊಂಡಿದೆ ಎಂದು ವಿವೇಕಾನಂದರು ಗದರಿದ್ದನ್ನು ನಾನು ಕಾಲೇಜಿನಲ್ಲಿ ವರ್ಷಾನುಗಟ್ಟಲೆ ಪಾಠ ಮಾಡಿದ್ದೇನೆ. ಪ್ರತಿ ಸಲವೂ ಒಳಗೊಳಗೇ ಖುಷಿಪಟ್ಟಿದ್ದೇನೆ. ಧಾರವಾಡದ ನನ್ನ ತವರುಮನೆಯಲ್ಲಿ ಧರ್ಮವೆಂದರೆ ಮಡಿ, ಮುಸುರೆ, ಎಂಜಲು, ಏಕಾದಶಿ. ತತ್ತ್ವವೇನಿದ್ದರೂ ಅಪ್ಪನ ಪುಸ್ತಕದ ಕಪಾಟಿನಲ್ಲಿ ಇರುತ್ತಿತ್ತು, ಅಮ್ಮ ಅದರ ಧೂಳು ಹೊಡೆಯುತ್ತಿದ್ದಳು ಅಷ್ಟೆ. ಕಪಾಟಿನದು ದೊಡ್ಡದು, ಒಲೆಯದು ಸಣ್ಣದು ಎಂಬುದರಲ್ಲಿ ನನಗೆ ಯಾವತ್ತೂ ಸಂಶಯ ಬಂದಿರಲಿಲ್ಲ. ಚೀನಾದ ಷಿಯಾನ್ ನಗರದಲ್ಲಿ ಒಬ್ಬಳೇ ತಿರುಗಾಡಿದ ಒಂದು ದಿನ ಆ ನಂಬಿಕೆಯನ್ನು ಅಲ್ಲಾಡಿಸಿಬಿಟ್ಟಿತು.

ಮಗನಿಗೆ ಅಲ್ಲಿ ಆಫೀಸಿನ ಕೆಲಸ. ಫೋನಿನಲ್ಲಿ ದುಡ್ಡು ಕೊಡುವ ಆಪ್, ಮಾತು ಅನುವಾದಿಸುವ ಆಪ್ ಎರಡನ್ನೂ ಹಾಕಿಕೊಟ್ಟು, "ಅಮ್ಮ, ದಾರಿ ತಪ್ಪಿದ್ರ ಯಾರಿಗರ ಈ ವಿಳಾಸ ತೋರಸು" ಅಂದು ಹೊರಟುಹೋದ. ಮೆಟ್ರೋ ನಮ್ಮ ಬೆಂಗಳೂರಿನದಕ್ಕಿಂತ ಸಲೀಸು. ಇತಿಹಾಸದ ಮೇಷ್ಟ್ರಾದ ಮೇಲೆ ಮೊದಲು ಹೋಗಬೇಕಾದದ್ದು ಬೌದ್ಧ ಯಾತ್ರಿಕ ಹ್ಯೂಯೆನ್‌ತ್ಸಾಂಗನ ಗೋಪುರಕ್ಕೇ. ಇಮ್ಮಡಿ ಪುಲಕೇಶಿಯನ್ನು ಹೊಗಳಿ ಬರೆದವನು, ಯುದ್ಧಕ್ಕೆ ಮುಂಚೆ ಅವನ ಆನೆಗಳಿಗೆ ಹೆಂಡ ಕುಡಿಸುತ್ತಿದ್ದರೆಂದು ಹೇಳಿ ನನ್ನ ತರಗತಿಯನ್ನು ಎಷ್ಟೋ ಸಲ ನಿದ್ದೆಯಿಂದ ಎಬ್ಬಿಸಿದವನು. ಕೈಯಲ್ಲಿ ದಂಡ ಹಿಡಿದ ಅವನ ವಿಗ್ರಹ ಗೋಪುರದ ಮುಂದೆ ನಿಂತಿದೆ.

ಅವನು ಭಾರತದಿಂದ ಮರಳಿದ್ದು 645ರಲ್ಲಿ, 657 ಗ್ರಂಥಗಳನ್ನು ಹೊತ್ತುಕೊಂಡು. ಅವುಗಳನ್ನು ಬೆಂಕಿಗೆ ಸಿಗದಂತೆ ಇಡಲೆಂದು 652ರಲ್ಲಿ ಈ ಗೋಪುರ ಎದ್ದಿತು. ಈಗ ಇರುವುದು ಆಮೇಲೆ ಮತ್ತೆ ಕಟ್ಟಿದ್ದು. ಏಳು ಅಂತಸ್ತು, ಇಟ್ಟಿಗೆಯದು, ಒಂಚೂರು ವಾಲಿದೆ. ಕಡಿದಾದ ಮರದ ಮೆಟ್ಟಿಲು ಹತ್ತುತ್ತ, ಮೊಣಕಾಲು ಹಿಡಿದುಕೊಂಡು ನಿಂತಾಗಲೆಲ್ಲ ನನ್ನನ್ನು ಒಂದೇ ಪ್ರಶ್ನೆ ಕಾಡಿತು. ಇಷ್ಟೆಲ್ಲ ಪಾಡುಪಟ್ಟು ತಂದದ್ದರಲ್ಲಿ ಉಳಿದದ್ದು ಏನು? ಅವನು ಮರುಭೂಮಿ ದಾಟಿ ನಾಲಂದೆಗೆ ಹೋಗಿ ಶೀಲಭದ್ರರ ಬಳಿ ಕಲಿತದ್ದು ಯೋಗಾಚಾರ. ಹೊರಗಿದೆಯೆಂದು ಕಾಣುವುದೆಲ್ಲ ಚಿತ್ತದ್ದೇ ತೋರಿಕೆ ಎನ್ನುವ ಕಠಿಣ ದರ್ಶನ ಅದು. ಸಾಯುವವರೆಗೂ, ಅಂದರೆ 664ರವರೆಗೂ, ಅದನ್ನು ಚೀನೀ ಭಾಷೆಗೆ ಇಳಿಸುವುದರಲ್ಲಿ ತೊಡಗಿದ್ದ. ಚಕ್ರವರ್ತಿಯ ಬೆಂಬಲವೂ ಇತ್ತು. ಆದರೂ ಕೆಲವೇ ತಲೆಮಾರುಗಳಲ್ಲಿ ಆ ಪಂಥ ಸೊರಗಿತು. ಪಂಡಿತರಿಗೇ ಬೆವರಿಳಿಸುವ ತರ್ಕವನ್ನು ಹೊಲ ಉಳುವವನು ಎಲ್ಲಿ ಕಟ್ಟಿಕೊಂಡಾನು?

ಇದೇ ಹ್ಯೂಯೆನ್‌ತ್ಸಾಂಗನ ಇನ್ನೊಂದು ಪ್ರಸಂಗವನ್ನು ನಾನು ಪಾಠ ಮಾಡುವಾಗ ಹಾರಿಸಿಬಿಡುತ್ತಿದ್ದೆ. ಹೋಗುವ ದಾರಿಯಲ್ಲಿ ಕುಚಾದ ರಾಜ ಅವನನ್ನು ಊಟಕ್ಕೆ ಕರೆದ. ಬಡಿಸಿದ್ದರಲ್ಲಿ ಮಾಂಸವೂ ಇತ್ತು. ಭಿಕ್ಷುವಿಗೆಂದೇ ಕೊಂದದ್ದಲ್ಲದಿದ್ದರೆ ತಿನ್ನಬಹುದು ಎನ್ನುವುದು ಅಲ್ಲಿನ ಪಂಥದ ನಿಯಮ. ಇವನು ಒಲ್ಲೆ ಅಂದ. ಎಲ್ಲವೂ ಚಿತ್ತ ಎನ್ನುವ ದರ್ಶನವನ್ನು ಅರಸಿ ಹೊರಟವನು ತಟ್ಟೆಯ ಮುಂದೆ ಗೆರೆ ಎಳೆದು ಕೂತ! ಅವನ ದರ್ಶನ ಹಿಂದೆ ಸರಿದು ಎಷ್ಟೋ ಕಾಲವಾಯಿತು. ಚೀನೀ ಬೌದ್ಧ ಸಂಪ್ರದಾಯದ ಭಿಕ್ಷುಗಳ ತಟ್ಟೆಗೆ ಮಾತ್ರ ಇವತ್ತಿಗೂ ಮಾಂಸ ಬಂದಿಲ್ಲ.

ಮತ್ತೆ ಮೆಟ್ರೋ ಹಿಡಿದು ಕೋಟೆಯ ದಕ್ಷಿಣ ಬಾಗಿಲಲ್ಲಿ ಇಳಿದೆ. ಅಲ್ಲಿಂದ ಶಿಲಾಶಾಸನಗಳ ಸಂಗ್ರಹಾಲಯಕ್ಕೆ ನಡೆದೇ ಹೋಗಬಹುದು. 1087ರಿಂದ ಕಲ್ಲು ಕೂಡಿಡುತ್ತ ಬಂದ ಜಾಗ ಅದು. ಶಾಸನ ಓದುವ ಚಟ ಇರುವವರು ಇಲ್ಲಿಗೆ ಒಬ್ಬರೇ ಬರುವುದು ಒಳ್ಳೆಯದು, ಜೊತೆಗಿದ್ದವರು ಶಾಪ ಹಾಕುತ್ತಾರೆ. ನಾನು ಹುಡುಕಿಕೊಂಡು ಹೋದದ್ದು 781ರ ಒಂದು ಕಲ್ಲನ್ನು. ನನಗಿಂತ ಎಷ್ಟೋ ಎತ್ತರ, ಆಮೆಯ ಬೆನ್ನ ಮೇಲೆ ನಿಂತಿದೆ. ತಲೆಯಲ್ಲಿ ಸಣ್ಣ ಶಿಲುಬೆ, ಶಿಲುಬೆಯ ಕೆಳಗೆ ಕಮಲ. ಪರ್ಷಿಯಾ ಕಡೆಯಿಂದ ಅಲೊಪೆನ್ ಎಂಬ ಕ್ರೈಸ್ತ ಪಾದ್ರಿ 635ರಲ್ಲಿ ಇಲ್ಲಿಗೆ ಬಂದದ್ದನ್ನು, ರಾಜ ಮನ್ನಣೆ ಕೊಟ್ಟದ್ದನ್ನು ಸೊಗಸಾದ ಚೀನೀ ಅಕ್ಷರಗಳಲ್ಲಿ ಕೆತ್ತಿದ್ದಾರೆ. ಅಂಚಿನಲ್ಲಿ ಪಾದ್ರಿಗಳ ಹೆಸರು ಸಿರಿಯಾಕ್ ಲಿಪಿಯಲ್ಲಿವೆ. ಬೌದ್ಧರ ಮಾತು, ತಾವೋ ಪಂಥದವರ ಮಾತು ಎರಡನ್ನೂ ಎರವಲು ಪಡೆದು ತಮ್ಮ ದೇವರನ್ನು ವಿವರಿಸಿದ್ದಾರೆ.

ಕಲ್ಲು ನೆಟ್ಟು ನೂರು ವರ್ಷ ಆಗಿರಲಿಲ್ಲ. 845ರಲ್ಲಿ ಚಕ್ರವರ್ತಿ ವೂಝೊಂಗ್ ಹೊರಗಿಂದ ಬಂದ ಧರ್ಮಗಳ ಮೇಲೆ ಮುರಿದುಬಿದ್ದ. ಮಠಗಳಿಗೆ ತೆರಿಗೆಯಿಲ್ಲದ ಭೂಮಿಯಿತ್ತು, ಅವುಗಳ ತಾಮ್ರದ ವಿಗ್ರಹ ಕರಗಿಸಿದರೆ ನಾಣ್ಯವಾಗುತ್ತಿತ್ತು. ಎರಡೂವರೆ ಲಕ್ಷ ಮೀರಿ ಬೌದ್ಧ ಭಿಕ್ಷು ಭಿಕ್ಷುಣಿಯರನ್ನು ಕಾವಿ ಬಿಡಿಸಿ ಮನೆಗೆ ಕಳಿಸಿದರು. ಬೌದ್ಧರು ಮತ್ತೆ ಚೇತರಿಸಿಕೊಂಡರು. ಕ್ರೈಸ್ತರು ಇಲ್ಲಿಂದ ಮಾಯವಾದರು, ಕಲ್ಲು ಮಣ್ಣಿನಡಿ ಸೇರಿತು, 1620ರ ದಶಕದಲ್ಲಿ ಅಗೆಯುವವರಿಗೆ ಸಿಕ್ಕಿತು. ಅರಮನೆಯ ಕೃಪೆ ಅವರಿಗಿತ್ತು, ಪಾದ್ರಿಗಳಿದ್ದರು, ಗ್ರಂಥವಿತ್ತು, ಕಲ್ಲೂ ಇತ್ತು. ಸತ್ತವರಿಗೆ ಪಿಂಡ ಇಟ್ಟ ಹಾಗೆ ಮನೆಮನೆಯಲ್ಲಿ ಮಾಡುವ ಒಂದು ಕೆಲಸ ಊರ ಜನಕ್ಕೆ ಅಂಟಿಕೊಂಡಿರಲಿಲ್ಲ ಎಂಬುದು ನನ್ನ ಊಹೆ.

ಹಸಿವಾಗಿತ್ತು. ನಗಾರಿ ಗೋಪುರದ ಹಿಂದಿನ ಮುಸ್ಲಿಂ ಓಣಿಗಳಿಗೆ ಹೊಕ್ಕೆ. ಮೊದಲು ದೊಡ್ಡ ಮಸೀದಿ. ಈಗಿನ ಕಟ್ಟಡ 1392ರ ಕಾಲದ್ದು ಎನ್ನುತ್ತಾರೆ. ಗುಮ್ಮಟ ಇಲ್ಲ. ಮಿನಾರಿನ ಜಾಗದಲ್ಲಿ ಎಂಟು ಮೂಲೆಯ ಚೀನೀ ಗೋಪುರ. ಒಂದರ ಹಿಂದೊಂದು ಅಂಗಳ, ಕೆತ್ತಿದ ಮರದ ಕಮಾನು, ಹಸಿರು-ನೀಲಿ ಹೆಂಚು. ಚೀನಾದ ಗುಡಿಗಳು ಸಾಮಾನ್ಯವಾಗಿ ದಕ್ಷಿಣಕ್ಕೆ ಮುಖ ಮಾಡುತ್ತವೆ; ಇಲ್ಲಿ ಮಾತ್ರ ಪೂರ್ವದಿಂದ ಪಶ್ಚಿಮಕ್ಕೆ, ಮೆಕ್ಕಾದ ಕಡೆಗೆ, ನಡೆಯುತ್ತ ಹೋಗುತ್ತೀರಿ. ಉಳಿದದ್ದೆಲ್ಲ ಚೀನೀಯೇ. ಈ ಹುಯ್ ಮುಸ್ಲಿಮರ ಪೂರ್ವಜರಲ್ಲಿ ಅರಬರು, ಪರ್ಷಿಯನ್ನರು, ಮಧ್ಯ ಏಷ್ಯಾದವರು ಇದ್ದರು. ಅವರ ಭಾಷೆ ಹೋಯಿತು, ಮುಖಚಹರೆ ಹೋಯಿತು, ಉಡುಪು ಬಹುಪಾಲು ಹೋಯಿತು. 1862ರ ಮುಸ್ಲಿಂ ದಂಗೆಯ ನಂತರ ಈ ಪ್ರಾಂತದ ಹಳ್ಳಿಗಳಲ್ಲಿದ್ದ ಹುಯ್ ಜನ ಸತ್ತರು ಇಲ್ಲವೇ ಗಡೀಪಾರಾದರು, ಕೋಟೆಯೊಳಗಿನವರಷ್ಟೇ ಉಳಿದರು. ಇಷ್ಟೆಲ್ಲದರ ಮಧ್ಯೆ ಕೈಬಿಡದೆ ಬಂದದ್ದು ಒಂದು ಒಲೆ. ಅದರ ಮೇಲೆ ಹಂದಿ ಬೇಯುವುದಿಲ್ಲ.

ಹಸಿರು ಫಲಕದ ಒಂದು ಸಣ್ಣ ಅಂಗಡಿ. ಫೋನಿನಲ್ಲಿ 'ಮಾಂಸ ಬೇಡ' ಎಂದು ಬರೆದು ತೋರಿಸಿದೆ. ತಲೆಗೆ ವಸ್ತ್ರ ಕಟ್ಟಿಕೊಂಡಿದ್ದ ಹೆಂಗಸು ನಕ್ಕು, ಹಬೆಯಲ್ಲಿ ಬೇಯಿಸಿದ ತೆಳ್ಳನೆ ಹಿಟ್ಟಿನ ಹಾಳೆಯೊಂದನ್ನು ಎತ್ತಿ ಮಣೆಗೆ ಹಾಕಿದಳು. ಅಗಲ ಕತ್ತಿಯಿಂದ ಪಟಪಟ ಪಟ್ಟಿ ಕೊಯ್ದಳು. ಮೇಲೆ ಸೌತೆಕಾಯಿ, ಬೆಳ್ಳುಳ್ಳಿ ನೀರು, ಹುಳಿ, ಎಳ್ಳಿನ ಗಟ್ಟಿ ಗೊಜ್ಜು, ಕೊನೆಗೆ ಕೆಂಪು ಖಾರದೆಣ್ಣೆ. ಹೆಸರು ಲಿಯಾಂಗ್‌ಪಿ. ಧಾರವಾಡದ ನಾಲಿಗೆಗೆ ಒಗ್ಗುವಂಥದ್ದು, ಎರಡನೇ ಬಟ್ಟಲು ಕೇಳಿದೆ. ಪಕ್ಕದ ಮೇಜಿನಲ್ಲಿ ಕಾಲೇಜು ಹುಡುಗರು ಗಟ್ಟಿ ರೊಟ್ಟಿಯನ್ನು ಕಡಲೆಕಾಳಿನಷ್ಟು ಸಣ್ಣಗೆ ಮುರಿಯುತ್ತ ಹರಟುತ್ತಿದ್ದರು, ಅದರ ಮೇಲೆ ಕುರಿಯ ಸಾರು ಹೊಯ್ದು ಕೊಡುತ್ತಾರೆ. ಆ ಹುಡುಗರು ಮುಸ್ಲಿಮರಲ್ಲ, ನಾನೂ ಅಲ್ಲ. ಗೋಡೆಯ ಮೇಲಿನ ಬೋರ್ಡಿಗೆ ಫೋನ್ ಹಿಡಿದೆ: ಹೊರಗಿನ ತಿನಿಸು ಒಳಗೆ ತರಬೇಡಿ.

ಹೊರಗಿನ ತಿನಿಸಿಗೆ ಬಾಗಿಲಿಲ್ಲ, ಹೊರಗಿನ ಮನುಷ್ಯರಿಗೆ ಇದೆ. ನಾನು ಚಾಪ್‌ಸ್ಟಿಕ್ ಕೆಳಗಿಟ್ಟು ಕೂತುಬಿಟ್ಟೆ. ಒಲೆಯೇ ಧರ್ಮವನ್ನು ದಾಟಿಸುತ್ತದೆ ಎಂದು ಬೆಳಗ್ಗೆಯಿಂದ ಹಿಗ್ಗುತ್ತಿದ್ದೆನಲ್ಲ, ಅದು ದಾಟಿಸುವುದು ಧರ್ಮವನ್ನಷ್ಟೇ ಏನು? ನಮ್ಮ ಮನೆಯ ಪಾತ್ರೆ ತಿಕ್ಕುವಾಕೆ ಬೋಗುಣಿಗಳನ್ನು ಥಳಥಳ ಬೆಳಗಿ ಹಿತ್ತಲಲ್ಲಿ ಬೋರಲು ಹಾಕುತ್ತಿದ್ದಳು. ಅಮ್ಮ ಅವಕ್ಕೆ ಇನ್ನೊಮ್ಮೆ ನೀರು ಹಾಕಿಯೇ ಒಳಗೆ ತಗೊಳ್ಳುತ್ತಿದ್ದಳು. ಆಕೆಯ ಚಹಾದ ಲೋಟ ಹಿತ್ತಲ ಗೂಡಿನಲ್ಲಿ ಬೇರೆ. ಯಾವ ಗ್ರಂಥವನ್ನೂ ಓದದೆ, ಯಾವ ಗುರುವೂ ಹೇಳದೆ, ಅದನ್ನು ನೋಡಿ ನೋಡಿಯೇ ನಾನು ಜಾತಿ ಕಲಿತದ್ದು. ವಿವೇಕಾನಂದರ ಸಿಟ್ಟು ಅಡುಗೆಯ ಮೇಲಿರಲಿಲ್ಲ, ಈ 'ಮುಟ್ಟಬೇಡ'ದ ಮೇಲಿತ್ತು. ಗಟ್ಟಿಯಾಗಿ ಉಳಿದದ್ದೆಲ್ಲ ಒಳ್ಳೆಯದು ಅಂತೇನಿಲ್ಲವಲ್ಲ. ಈ ಓಣಿಯ ಒಲೆಗೂ ಗೋಡೆಯಿಲ್ಲ ಎನ್ನಲಾರೆ, ಹೊರಗಿನವರು ಮದುವೆಯಾಗಿ ಬರುವುದಾದರೆ ಇವರ ಧರ್ಮ ಸೇರಬೇಕೆಂದು ಬಯಸುತ್ತಾರೆ. ಆದರೆ ಮಡಕೆಯ ಕಾವಲಿಗೂ ಮನುಷ್ಯರ ಕಾವಲಿಗೂ ನಡುವೆ ಒಂದು ಗೆರೆ ಎಳೆಯಲು ಸಾಧ್ಯ ಎಂಬುದನ್ನು ಆ ಬೋರ್ಡಿನಷ್ಟು ಚೊಕ್ಕಟವಾಗಿ ನನಗೆ ಯಾರೂ ಹೇಳಿರಲಿಲ್ಲ, ಅಪ್ಪನ ಕಪಾಟೂ ಸೇರಿ.

ರಾತ್ರಿ ಹುಬ್ಬಳ್ಳಿಯಿಂದ ಅಕ್ಕನ ಫೋನು. ಊಟಕ್ಕೇನು ಮಾಡಿದಿ ಎಂಬುದೇ ಮೊದಲ ಪ್ರಶ್ನೆ. ಹೇಳಿದೆ.

"ಅವರ ಅಂಗಡ್ಯಾಗ ಉಂಡೀ? ಅದss ಕತ್ತೀಲೆ ಏನೇನ್ ಕೊಯ್ದಿರ್ತಾರೋ!"

"ನಾನು ಉಂಡ ಬಟ್ಟಲಾ ಅವರು ಎರಡ ಸರತೆ ತೊಳದಾರೋ ಏನೋ, ಅದನ್ನ ಯಾಕ ಕೇಳವಲ್ಲಿ?" ಅಂದೆ.

ಅಕ್ಕನಿಗೆ ಸಿಟ್ಟು ಬಂತು. ಅಮ್ಮನನ್ನು ಎಳೆದು ತರಬೇಡ ಅಂದಳು. ನಾನು ಅಮ್ಮನ ಹೆಸರು ಎತ್ತಿರಲೇ ಇಲ್ಲ.