ನಾದವೂ ಅಳತೆಯೂ

ಕಲೆಯಲ್ಲಿ ಒಲವುಳ್ಳವನಿಗೆ ವಿಜ್ಞಾನವು ಒಗ್ಗದೆಂದೂ, ಅಳೆದು ತೂಗುವ ಬುದ್ಧಿಗೆ ರಸವು ಎಟುಕದೆಂದೂ ಒಂದು ಮಾತು ವಿದ್ಯಾವಂತರ ಮನೆಗಳಲ್ಲಿ ರೂಢವಾಗಿದೆ. ಎರಡರಲ್ಲಿಯೂ ಮನಸ್ಸಿಟ್ಟ ಮಗುವಿಗೆ ಹಿರಿಯರು ಒಂದನ್ನು ಬಿಡೆಂದು ವಿಧಿಸುವರು. ಹೆಚ್ಚಾಗಿ ಬಿಡಿಸುವುದು ತಂಬೂರಿಯನ್ನೇ. ಈ ವಿಧಿಗೆ ಆಧಾರವೇನು?

ಗೋಕಾಕ, ಹುಕ್ಕೇರಿಗಳ ಜನರು ಘಟಪ್ರಭಾ ನಿಲ್ದಾಣದಲ್ಲಿ ರೈಲನ್ನು ಹತ್ತಿ ಉತ್ತರಕ್ಕೆ ಹೋದರೆ ಮಿರಜವು ಬಹು ದೂರವಲ್ಲ. ಅಲ್ಲಿ ನೆಲಸಿದ್ದ ಖಾನಸಾಹೇಬ ಅಬ್ದುಲ್ ಕರೀಮಖಾನರು (1872–1937) ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುಗಳು. ಅವರ ಸ್ವರಶುದ್ಧಿಯನ್ನು ಈ ಸೀಮೆಯ ರಸಿಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ನೆರೆಯ ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಡೆಪ್ಯುಟಿ ಕಲೆಕ್ಟರರಾಗಿದ್ದು ನಿವೃತ್ತರಾದವರು. ಇಪ್ಪತ್ತೆರಡು ಶ್ರುತಿಗಳನ್ನು ಕುರಿತ ದೇವಲರ ಗ್ರಂಥವು 1910ರಲ್ಲಿ ಪ್ರಕಟವಾಯಿತು. ಆ ಶೋಧನೆಯಲ್ಲಿ ಖಾನಸಾಹೇಬರು ಹಾಡಿದರು. ದೇವಲರು ತಂತಿಯ ಮೇಲೆ ಅಳೆದರು.

ಅಳತೆಯ ಬಗೆಯನ್ನು ವಾಚಕರು ಒಂದು ಸ್ವರದಲ್ಲಿ ನೋಡಬಹುದು. ಷಡ್ಜಕ್ಕೆ ಸೆಕೆಂಡಿಗೆ 240 ಕಂಪನಗಳೆಂದು ಹಿಡಿದರೆ ಪಂಚಮಕ್ಕೆ 360. ಪಂಚಮದಿಂದ ಪಂಚಮಕ್ಕೆ ಏರುತ್ತ ಸಾಧಿಸಿದ ಗಾಂಧಾರವು 303¾ ಆಗುವುದು. ತಂಬೂರಿಯ ನಾದದಲ್ಲಿ ತಾನಾಗಿ ಹುಟ್ಟುವ ಗಾಂಧಾರವಾದರೋ 300. ಹಾರ್ಮೋನಿಯಮ್ಮಿನದು ಇವೆರಡರ ನಡುವೆ, 302ಕ್ಕಿಂತ ತುಸು ಮೇಲೆ. ಇಂಥ ಅಲ್ಪಾಂತರವನ್ನು ಮೊದಲು ಗುರುತಿಸಿದುದು ಕಿವಿ. ಲೆಕ್ಕವು ಆಮೇಲೆ ಬಂದು ಸಾಕ್ಷಿ ನುಡಿಯಿತು.

ಇದು ಪಶ್ಚಿಮದಿಂದ ಬಂದ ಬುದ್ಧಿಯೆನ್ನಲಾಗದು. ಎರಡು ವೀಣೆಗಳನ್ನು ಸಮವಾಗಿ ಶ್ರುತಿಗೊಳಿಸಿ, ಒಂದನ್ನು ಅಚಲವಾಗಿರಿಸಿ, ಇನ್ನೊಂದನ್ನು ಶ್ರುತಿಶ್ರುತಿಯಾಗಿ ಇಳಿಸುತ್ತ ಪರೀಕ್ಷಿಸುವ ಕ್ರಮವನ್ನು ಭರತಮುನಿಯು ನಾಟ್ಯಶಾಸ್ತ್ರದಲ್ಲಿಯೇ ಹೇಳಿದ್ದಾನೆ. ರಸಸೂತ್ರವಿರುವುದೂ ಅದೇ ಗ್ರಂಥದಲ್ಲಿ. ರಸಾಧ್ಯಾಯವನ್ನು ಕಂಠಪಾಠ ಮಾಡಿದ ಪಂಡಿತರು ವೀಣೆಯ ಭಾಗವನ್ನು ದಾಟಿಹೋಗುವುದುಂಟು; ಅದು ಭರತನ ದೋಷವಲ್ಲ.

ಆದರೆ ಅಳತೆಗೂ ಒಂದು ಮದವುಂಟು. ದೇವಲರೂ ಕ್ಲೆಮೆಂಟ್ಸರೂ ಆ ಶ್ರುತಿಗಳನ್ನು ವಿಶೇಷವಾದ ಹಾರ್ಮೋನಿಯಮ್ಮಿನಲ್ಲಿ ಸ್ಥಿರಪಡಿಸಲು ಹೊರಟರು. ಮೀಂಡಿನಲ್ಲಿ ಜಾರುವ, ಆಂದೋಲನದಲ್ಲಿ ತೂಗುವ ಕಂಠವು ಮನೆಮನೆಯಾಗಿ ಹೊಡೆದ ಮರದ ಪಟ್ಟಿಗಳಲ್ಲಿ ಕುಳಿತೀತೆ? ಒಂದೇ ಸ್ವರವನ್ನು ಗಾಯಕವಾದಕರು ಎಲ್ಲ ಕಾಲಕ್ಕೂ ಒಂದೇ ಸ್ಥಾನದಲ್ಲಿ ನಿಲ್ಲಿಸುವುದಿಲ್ಲವೆಂದು ಜೈರಾಜಭಾಯ್ ಮತ್ತು ಸ್ಟೋನರು 1963ರಲ್ಲಿ ಯಂತ್ರಗಳಿಂದಲೇ ಅಳೆದು ತೋರಿಸಿದರು. ಹೀಗೆ ಅಳತೆಯ ತಪ್ಪನ್ನು ತಿದ್ದಿದುದು ಇನ್ನೂ ಸೂಕ್ಷ್ಮವಾದ ಅಳತೆ. ಅದಕ್ಕೆ ಬೆನ್ನು ತಿರುಗಿಸಿ ಕುಳಿತ ರಸಿಕನಲ್ಲ.

ಮಿರಜದ ತಂಬೂರಿಯನ್ನು ಸಜ್ಜುಗೊಳಿಸುವವನು ತಂತಿಗೂ ಕುದುರೆಗೂ ನಡುವೆ ಒಂದೆಳೆ ದಾರವನ್ನಿಟ್ಟು, ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತ, ಜವಾರಿಯು ಅರಳುವ ವರೆಗೆ ಆಲಿಸುವನು. ಆ ಕುದುರೆಯ ಮೇಲೆ ತಂತಿಯು ನಡೆದುಕೊಳ್ಳುವ ರೀತಿಯನ್ನು ಚಂದ್ರಶೇಖರ ವೆಂಕಟರಾಮನ್ನರು 1921ರಲ್ಲಿ ಬರೆದ ಲೇಖನದಲ್ಲಿ ವಿಚಾರಿಸಿದರು. ಮೀಟಿದ ಸ್ಥಾನದ ನಿಮಿತ್ತ ಏಳಬಾರದೆಂದು ಪಶ್ಚಿಮದ ನಿಯಮವು ಹೇಳುವ ಉಪನಾದಗಳೂ ತಂಬೂರಿಯಲ್ಲಿ ಸ್ಪಷ್ಟವಾಗಿ ಏಳುತ್ತಿದ್ದವು. ಅವುಗಳನ್ನು ಕೇಳಿ ಬೆರಗಾಗದವನಿಗೆ ಆ ನಿಯಮವನ್ನು ಪ್ರಶ್ನಿಸಲು ಕಾರಣವೇ ಇರುತ್ತಿರಲಿಲ್ಲ.