ಹಸಿರೆಲ್ಲ ಅಮೃತವೇ?

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿ ಬೆಳೆದವರು. ಕೈಗೆಟಕುವುದನ್ನು ಮನುಷ್ಯ ಕಡೆಗಣಿಸುತ್ತಾನೆ ಎಂಬುದು ಅದರ ಇಂಗಿತ. ಆದರೆ ದೀರ್ಘಕಾಲದ ಕಾಯಿಲೆ ಹೊಕ್ಕ ಮನೆಯಲ್ಲಿ ಈ ಗಾದೆ ತಲೆಕೆಳಗಾಗುತ್ತದೆ. ಮಾತ್ರೆಗಳನ್ನು ನುಂಗಿ ನುಂಗಿ ಬೇಸತ್ತವರಿಗೆ ‘ಗಿಡಮೂಲಿಕೆ’ ಎಂಬ ಒಂದು ಶಬ್ದವೇ ಭರವಸೆಯಾಗಿಬಿಡುತ್ತದೆ. ಗಿಡದ ಸಾರವನ್ನು ಸೂಜಿಯ ಮೂಲಕ ನೇರವಾಗಿ ರಕ್ತನಾಳಕ್ಕೇ ಏರಿಸುತ್ತೇವೆ ಎನ್ನುವ ಚಿಕಿತ್ಸಾಲಯಗಳು ಇಂದು ಹಲವು ದೇಶಗಳಲ್ಲಿವೆ. ಹಾಗೆ ಏರಿಸುವುದು ಸರಿಯೇ? ರೋಗಿಯೇ ಬೇಡಿದನೆಂಬ ಕಾರಣ ಸಾಕೇ? ಇದು ವೈದ್ಯಶಾಸ್ತ್ರದ ಪ್ರಶ್ನೆ ಹೇಗೋ ಹಾಗೆಯೇ ನೀತಿಯ ಪ್ರಶ್ನೆಯೂ ಹೌದು.

ಮೊದಲು ರೋಗಿಯ ಪಕ್ಕದಲ್ಲಿ ನಿಂತು ನೋಡೋಣ. ಅಮೆರಿಕ ಮತ್ತು ಯೂರೋಪಿನಲ್ಲಿ ಲೈಮ್ ಎಂಬ ಸೋಂಕು ಇದೆ. ನಮ್ಮ ಮಲೆನಾಡಿನ ಮಂಗನ ಕಾಯಿಲೆಯಂತೆ ಅದೂ ಉಣುಗು ಕಚ್ಚುವುದರಿಂದ ಬರುವಂಥದು. ಕೆಲವು ವಾರಗಳ ಆ್ಯಂಟಿಬಯಾಟಿಕ್ ಚಿಕಿತ್ಸೆಯಿಂದ ಬಹುತೇಕರು ಗುಣವಾಗುತ್ತಾರೆ. ಆದರೆ ಕೆಲವರಲ್ಲಿ ಆಯಾಸ, ಕೀಲುನೋವು, ಮರೆವು ತಿಂಗಳುಗಟ್ಟಲೆ ಉಳಿಯುತ್ತವೆ. ಅಂಥವರಿಗೆ ಮತ್ತೆ ತೊಂಬತ್ತು ದಿನ ಆ್ಯಂಟಿಬಯಾಟಿಕ್ ಕೊಟ್ಟು ನೋಡಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಔಷಧವಿಲ್ಲದ ಹುಸಿ ಚಿಕಿತ್ಸೆ ಪಡೆದವರಿಗಿಂತ ಹೆಚ್ಚಿನ ಪ್ರಯೋಜನ ಅವರಿಗೆ ಕಾಣಲಿಲ್ಲ. ‘ಪರೀಕ್ಷೆಯಲ್ಲಿ ಏನೂ ಇಲ್ಲ, ಮನೆಗೆ ಹೋಗಿ’ ಎಂಬ ಮಾತನ್ನು ಕೇಳಿ ಕೇಳಿ ದಣಿದವರು ಅವರು. ಅವರ ನೋವು ಸುಳ್ಳಲ್ಲ. ಆ ಮುಚ್ಚಿದ ಬಾಗಿಲ ಹೊರಗೇ ಗಿಡಮೂಲಿಕೆಯ ಡ್ರಿಪ್ ಮಾರುವವರು ಕಾದಿರುತ್ತಾರೆ.

ಹಾಗೆಂದು ಗಿಡದ ಸತ್ವವನ್ನು ರಕ್ತಕ್ಕೆ ಸೇರಿಸುವುದೇ ತಪ್ಪೆಂದು ಹೇಳುವಂತಿಲ್ಲ. ಹದಿನೇಳನೆಯ ಶತಮಾನದಲ್ಲಿ ಯೇಸುಸಭೆಯ ಗುರುಗಳು ಪೆರು ದೇಶದಿಂದ ಯೂರೋಪಿಗೆ ಕೊಂಡೊಯ್ದ ಸಿಂಕೋನ ತೊಗಟೆ ‘ಜೆಸ್ವಿಟ್ ತೊಗಟೆ’ ಎಂದೇ ಹೆಸರಾಗಿತ್ತು. 1820ರಲ್ಲಿ ಅದರಿಂದ ಬೇರ್ಪಡಿಸಿದ ಕ್ವಿನೈನ್ ಮುಂದೆ ಮಲೇರಿಯದ ರೋಗಿಗಳ ರಕ್ತನಾಳಕ್ಕೂ ಸೇರಿತು. ಚೀನಾದ ವಿಜ್ಞಾನಿ ತು ಯುಯು ನಾಲ್ಕನೆಯ ಶತಮಾನದ ವೈದ್ಯಗ್ರಂಥವೊಂದರ ಸುಳಿವು ಹಿಡಿದು, ಒಂದು ಜಾತಿಯ ಮಾಚಿಪತ್ರೆ ಗಿಡವನ್ನು ಕುದಿಸದೆ ಕಡಿಮೆ ಉಷ್ಣದಲ್ಲಿ ಅದರ ಸತ್ವವನ್ನು ತೆಗೆದರು. 1972ರಲ್ಲಿ ಆ ಸತ್ವವನ್ನು ರೋಗಿಗಳಿಗೆ ಕೊಡುವ ಮೊದಲು ಸಹೋದ್ಯೋಗಿಗಳೊಡನೆ ತಾವೇ ಸೇವಿಸಿ ನೋಡಿದರು. 2015ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಸಂದಿತು. ಆ ಗಿಡದ ಸತ್ವದಿಂದ ರೂಪಿಸಿದ ಆರ್ಟೆಸುನೇಟ್ ಚುಚ್ಚುಮದ್ದನ್ನು ಭಾರತವೂ ಸೇರಿ ಏಷ್ಯಾದ ನಾಲ್ಕು ದೇಶಗಳ 1,461 ತೀವ್ರ ಮಲೇರಿಯ ರೋಗಿಗಳಲ್ಲಿ ಕ್ವಿನೈನ್‌ನೊಂದಿಗೆ ಹೋಲಿಸಲಾಯಿತು. ಕ್ವಿನೈನ್ ಪಡೆದವರಲ್ಲಿ ನೂರಕ್ಕೆ 22 ಮಂದಿ ತೀರಿಕೊಂಡರೆ, ಆರ್ಟೆಸುನೇಟ್ ಪಡೆದವರಲ್ಲಿ 15 ಮಂದಿ. ಇದು 2005ರ ಮಾತು. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಫ್ರಿಕಾದ ಐದು ಸಾವಿರಕ್ಕೂ ಮಿಕ್ಕಿದ ಮಕ್ಕಳಲ್ಲೂ ಅದರ ಮೇಲ್ಮೆ ಸ್ಥಿರಪಟ್ಟಿತು. ಮಲೇರಿಯವನ್ನು ಬಲ್ಲ ನಮ್ಮ ಕರಾವಳಿಯ ಜನರಿಗೆ ಆ ಏಳು ಜೀವಗಳ ಬೆಲೆ ಗೊತ್ತು.

ಈಗ ಇನ್ನೊಂದು ಮಗ್ಗುಲನ್ನು ನೋಡಿ. ಚೀನಾದಲ್ಲಿ ಯೂಷಿಂಗ್‌ಚಾವೊ ಎಂಬ ಸೊಪ್ಪು ಇದೆ. ನಮ್ಮ ಮೇಘಾಲಯ, ಮಣಿಪುರಗಳ ಜನರೂ ಅದನ್ನು ಊಟದಲ್ಲಿ ಬಳಸುತ್ತಾರೆ. ತಟ್ಟೆಯಲ್ಲಿ ಅದು ನಿರಪಾಯ. ಸೋಂಕಿನ ಚಿಕಿತ್ಸೆಗೆಂದು ಅದೇ ಸೊಪ್ಪಿನ ಸಾರವನ್ನು ಚುಚ್ಚುಮದ್ದಾಗಿಸಿ ಕೊಟ್ಟಾಗ ತೀವ್ರ ಅಲರ್ಜಿಗಳೂ ಸಾವುಗಳೂ ವರದಿಯಾದವು. 2006ರಲ್ಲಿ ಅಲ್ಲಿನ ಸರ್ಕಾರವೇ ಆ ಚುಚ್ಚುಮದ್ದುಗಳ ಬಳಕೆಯನ್ನು ತಡೆಹಿಡಿಯಿತು. 2017ರಲ್ಲಿ ಅಮೆರಿಕದಲ್ಲಿ ಮಹಿಳೆಯೊಬ್ಬರು ಇಸುಬಿನ ಚಿಕಿತ್ಸೆಗೆಂದು ಅರಿಶಿನದ ಸತ್ವವನ್ನು ರಕ್ತನಾಳಕ್ಕೆ ಏರಿಸಿಕೊಂಡಾಗ ಅವರ ಹೃದಯ ನಿಂತು, ಬಳಿಕ ತೀರಿಕೊಂಡರು. ಆ ತಯಾರಿಕೆಯನ್ನು ಪರೀಕ್ಷಿಸಿದಾಗ ಅರಿಶಿನದ ಸತ್ವ ಲೇಬಲ್ಲಿನಲ್ಲಿ ಬರೆದಿದ್ದಕ್ಕಿಂತ ತೀರಾ ಕಡಿಮೆ ಇತ್ತು. ಜೊತೆಗೆ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ಕಲ್ಮಶ ಕಂಡುಬಂತು. ನಮ್ಮ ಸಾರಿನಲ್ಲಿ ದಿನವೂ ಬೀಳುವ ಅರಿಶಿನವೇ ಇದು.

ಏಕೆ ಈ ವ್ಯತ್ಯಾಸ? ಬಾಯಿಂದ ಒಳಹೋದದ್ದನ್ನು ನಾಲಿಗೆ ಪರೀಕ್ಷಿಸುತ್ತದೆ, ಹೊಟ್ಟೆ ಒಲ್ಲದ್ದನ್ನು ವಾಂತಿಯಾಗಿ ಹೊರಹಾಕುತ್ತದೆ, ಕರುಳು ಸೋಸುತ್ತದೆ, ಯಕೃತ್ತು ಬಹಳಷ್ಟು ವಿಷವನ್ನು ಮುರಿಯುತ್ತದೆ. ರಕ್ತನಾಳಕ್ಕೆ ಇಂಥ ಕಾವಲುಗಾರರಿಲ್ಲ. ಕೊಟ್ಟದ್ದು ಕ್ಷಣಗಳಲ್ಲಿ ಹೃದಯಕ್ಕೆ, ಮಿದುಳಿಗೆ ತಲುಪುತ್ತದೆ, ಹಿಂದಕ್ಕೆ ಪಡೆಯುವಂತಿಲ್ಲ. ನಮ್ಮ ಅಜ್ಜಿಯರ ಕಷಾಯ, ಲೇಹ್ಯ, ತೈಲಗಳ ಅನುಭವವೆಲ್ಲ ಬಾಯಿ ಮತ್ತು ಚರ್ಮಕ್ಕೆ ಸಂಬಂಧಿಸಿದ್ದು. ಚುಚ್ಚುಸೂಜಿ ಬಂದುದೇ ಹತ್ತೊಂಬತ್ತನೆಯ ಶತಮಾನದಲ್ಲಿ. ‘ಸಾವಿರಾರು ವರ್ಷಗಳ ಪರಂಪರೆ’ ಎಂಬ ಮಾತು ಸೂಜಿಯ ತುದಿಯಲ್ಲಿ ಸಾಕ್ಷಿಯಾಗಿ ನಿಲ್ಲಲಾರದು.

ನೀತಿಯ ತಿರುಳು ಇಲ್ಲಿದೆ. ದೇಹ ತನ್ನ ಕಾವಲನ್ನು ಬಿಟ್ಟುಕೊಟ್ಟಲ್ಲಿ, ಆ ಕಾವಲಿನ ಹೊಣೆ ಸೂಜಿ ಹಿಡಿದವನ ಮೇಲೆ ಬೀಳುತ್ತದೆ. ತು ಯುಯು ಮತ್ತು ಅವರ ಬಳಿಕ ಬಂದವರು ಸತ್ವವನ್ನು ಶುದ್ಧಗೊಳಿಸಿದರು, ಅಳೆದರು, ಹೋಲಿಸಿದರು, ಸತ್ತವರನ್ನೂ ಎಣಿಸಿದರು. ಆ ಎಣಿಕೆಯೇ ಅವರ ಕರುಣೆಯ ಒಂದು ರೂಪ. ಅದೇ ಆರ್ಟೆಸುನೇಟನ್ನು ಲೈಮ್ ರೋಗಿಗೆ ಏರಿಸುವವರೂ ಉಂಟು. ಮಲೇರಿಯದಲ್ಲಿ ಗಳಿಸಿದ ಸಾಕ್ಷ್ಯವನ್ನು ಇನ್ನೊಂದು ರೋಗಕ್ಕೆ ಸಾಲ ಪಡೆಯುವುದು ಪ್ರಾಮಾಣಿಕತೆಯಲ್ಲ.

‘ಬೇರೆ ದಾರಿಯೇ ಇಲ್ಲದವನು ಒಂದು ಪ್ರಯತ್ನ ಮಾಡಬಾರದೇ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪ್ರಯತ್ನಿಸುವ ಹಕ್ಕು ರೋಗಿಯದು ನಿಜ. ಆದರೆ ಅವನ ಹತಾಶೆ ಮಾರುವವನಿಗೆ ಪರವಾನಗಿಯಾಗಲಾರದು. ಮುಳುಗುವವನು ಹುಲ್ಲುಕಡ್ಡಿಯನ್ನೂ ಹಿಡಿಯುತ್ತಾನೆ. ಅದನ್ನು ದೋಣಿಯೆಂದು ಹೇಳಿ ಹಣ ಪಡೆದವನು ಮಾತ್ರ ಉತ್ತರ ಕೊಡಬೇಕಾಗುತ್ತದೆ. ಇನ್ನೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿ, ಅಧ್ಯಯನದ ಶಿಸ್ತಿನೊಳಗೆ, ಉಚಿತವಾಗಿ ಕೊಟ್ಟು, ಫಲಿತಾಂಶವನ್ನು ಬರೆದಿಟ್ಟರೆ ಅದು ಬೇರೆ ಮಾತು. ಅಲ್ಲಿ ರೋಗಿ ಗಿರಾಕಿಯಾಗಿರದೆ ಸಹಯಾತ್ರಿಯಾಗುತ್ತಾನೆ.

ಆದ್ದರಿಂದ ಓದುಗರೇ, ನಿಮ್ಮ ಮನೆಯವರಿಗೆ ಯಾರಾದರೂ ಇಂಥ ಡ್ರಿಪ್ ಸೂಚಿಸಿದರೆ ಅಂಜದೆ ಕೇಳಿ: ಬಾಟಲಿಯಲ್ಲಿ ಏನೇನಿದೆ? ತಯಾರಿಸಿದವರು ಯಾರು, ಪರವಾನಗಿ ಇದೆಯೇ? ಈವರೆಗೆ ಎಷ್ಟು ಮಂದಿಗೆ ಕೊಟ್ಟಿದ್ದೀರಿ, ಅವರೆಲ್ಲ ಏನಾದರು? ಅಲರ್ಜಿಯಾದರೆ ಎದುರಿಸಲು ಇಲ್ಲಿ ಏನು ಸಿದ್ಧತೆಯಿದೆ? ಕೇಳಿದ್ದಕ್ಕೆ ಸಿಡುಕುವವರಿಂದ ದೂರವಿರಿ. ಕ್ಷಯದಂಥ ರೋಗದ ಔಷಧಗಳನ್ನಂತೂ ಮೂಲಿಕೆಯ ಆಸೆಗೆ ನಡುವೆ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದರೆ ಔಷಧಕ್ಕೆ ಬಗ್ಗದ ಕ್ಷಯ ಹುಟ್ಟಿಕೊಂಡು ಮನೆಮಂದಿಗೂ ಹರಡೀತು.

ಕೊನೆಗೆ ನಮ್ಮ ಕರ್ತವ್ಯವೂ ಒಂದಿದೆ. ದೀರ್ಘಕಾಲ ನರಳುವವರು ಸುಳ್ಳು ಭರವಸೆಯ ಬಾಗಿಲು ತಟ್ಟುವುದು ಬಹುಪಾಲು ಅಲ್ಲಾದರೂ ಯಾರೋ ಕುಳಿತು ತಮ್ಮ ಮಾತು ಕೇಳುತ್ತಾರೆಂಬ ಕಾರಣಕ್ಕೆ. ನೆರೆಮನೆಯ ರೋಗಿಯ ಬಳಿ ಅರ್ಧ ಗಂಟೆ ಕುಳಿತು, ಅವರ ನೋವನ್ನು ನಂಬಿ, ಮುಂದಿನ ಸಲ ವೈದ್ಯರಲ್ಲಿಗೆ ಜೊತೆಯಾಗಿ ಹೋಗುವುದು ನಮ್ಮಲ್ಲಿ ಯಾರಿಗೂ ಅಸಾಧ್ಯವಲ್ಲ. ಆ ಔಷಧಕ್ಕೆ ಸೂಜಿ ಬೇಕಿಲ್ಲ.